ಅದು ಇರುತ್ತೆ ಸಾರ್

ತ್ಯಾಗರಾಜನಗರ
1-4-2001, ಭಾನುವಾರ ಮಧ್ಯಾಹ್ನ

ಚಿರಂಜೀವಿ ಮಾಧವನಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ಆಶೀರ್ವಾದವನ್ನು ಮೊದಲೇ ಮುಗಿಸಿಬಿಟ್ಟಿದ್ದೇನೆ, ಯಾಕೆಂದರೆ ಇನ್ನು ಮುಂದೆ ಈ ಕಾಗದದಲ್ಲಿ ಇರುವುದೆಲ್ಲ ಬೈಗುಳವೇ.

ಈ ಪತ್ರ ನಿನಗೆ ಪಾನಕದ ಕೊಳಗದೊಳಗೆ ಸಿಕ್ಕಿರುತ್ತದೆ. ನೀನೂ ಅಪ್ಪನೂ ನಾಳೆಯ ರಾಮನವಮಿಗೆ ಶಾಮಿಯಾನ ಹೇಳಿಬರಲು ಹೋಗಿದ್ದೀರಿ. ಮನೆಗೆ ಬಂದ ಕೂಡಲೇ ಅಟ್ಟದಿಂದ ಕೊಳಗ ಇಳಿದಿದೆಯೇ ಎಂದು ನೋಡಿ ಮುಚ್ಚಳ ತೆಗೆಯುವವನು ನೀನೇ ಎಂದು ನನಗೆ ಗೊತ್ತು. ಇಷ್ಟು ವರ್ಷ ರಾಮನವಮಿಯ ದಿನ ಮುಚ್ಚಳ ತೆಗೆದಾಗಲೆಲ್ಲ ಅದರಲ್ಲಿ ಪಾನಕ ಇರುತ್ತಿತ್ತು. ಈ ಸಲ ಕಾಗದ ಇದೆ. ಇವತ್ತು ಏಪ್ರಿಲ್ ಒಂದು ಎಂದು ನಗಬೇಡ. ಅಡುಗೆಮನೆಗೆ ಹೋಗಿ ನೋಡು. ಹೆಸರುಬೇಳೆ ಡಬ್ಬಿಯಲ್ಲೇ ಇದೆ, ಬೆಲ್ಲ ಅಚ್ಚಿನಲ್ಲೇ ಇದೆ, ಸೌತೆಕಾಯಿ ಚೀಲದಲ್ಲೇ ಇದೆ. ನಾನೂ ಇಲ್ಲ, ಶುಭಾಳೂ ಇಲ್ಲ.

ಗಾಬರಿಯಾಗಬೇಡ, ನಮಗೇನೂ ಆಗಿಲ್ಲ. ಇಬ್ಬರೂ ಬಿಟಿಎಂ ಲೇಔಟಿನಲ್ಲಿ ರೇಣವ್ವನ ರೂಮಿಗೆ ಹೋಗುತ್ತಿದ್ದೇವೆ. ಹೋದ ವರ್ಷದವರೆಗೆ ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಳಲ್ಲ, ಗದಗಿನ ಕಡೆಯವಳು, ನಿನಗೆ ಶೇಂಗಾ ಚಟ್ನಿಪುಡಿ ತಿನ್ನುವುದು ಕಲಿಸಿದವಳು, ಅವಳೇ. ನಿನ್ನ ಅಕ್ಕನಿಗೆ ಮಂಗಳವಾರ ಪಿಯುಸಿ ಗಣಿತ ಪರೀಕ್ಷೆ ಎನ್ನುವುದು ಈ ಮನೆಯ ಗಂಡಸರಿಗೆ ನೆನಪಿರಲಿಲ್ಲ, ಬಿಟಿಎಂನಲ್ಲಿರುವ ರೇಣವ್ವನಿಗೆ ನೆನಪಿತ್ತು. ಶುಕ್ರವಾರ ಫೋನ್ ಮಾಡಿ, "ಅಕ್ಕಾರ, ಶುಭಾನ್ನ ನನ್ನ ರೂಮಿಗೆ ಕರಕೊಂಡು ಬರ್ರಿ. ನೀವೂ ಬರ್ರಿ. ಇಲ್ಲಿ ಯಾರೂ ನಿಮ್ಮನ್ನ ಪಾನಕ ಕೇಳಂಗಿಲ್ಲ" ಎಂದಳು. ಅವಳು ನಗುತ್ತಾ ಹೇಳಿದ್ದು. ನನಗೆ ಅಳು ಬಂತು.

ಈಗ ವಿಷಯಕ್ಕೆ ಬರುತ್ತೇನೆ. ಯುಗಾದಿಯ ಸಂಜೆ ಪಾರ್ಕಿನಲ್ಲಿ ನಾಗರಿಕ ಸಮಿತಿಯವರು ನಿನಗೆ ಸನ್ಮಾನ ಮಾಡಿದರು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಪುಟ್ಟ ವಯಸ್ಸಿನಿಂದ ರಾಮನವಮಿಗೆ ಬಂದವರಿಗೆಲ್ಲ ಕೈಯಾರೆ ಪಾನಕ ಕೊಡುವ ಹುಡುಗ, ಧಾರಾಳ ಮನಸ್ಸಿನ ಹುಡುಗ, ಇಂಥ ಮಗ ಮನೆಮನೆಗೂ ಹುಟ್ಟಲಿ ಎಂದು ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಸುಳ್ಳೇಕೆ ಹೇಳಲಿ, ನನ್ನ ಎದೆ ತುಂಬಿ ಬಂದಿತ್ತು.

ಆಮೇಲೆ ಸಮಿತಿಯ ಅಧ್ಯಕ್ಷ ಗಂಗಯ್ಯನವರು ನಿನ್ನ ಮುಂದೆ ಮೈಕ್ ಹಿಡಿದು, "ಅಷ್ಟೊಂದು ಪಾನಕ ಹೆಂಗಪ್ಪಾ ಮಾಡ್ತೀರಾ ನೀವು?" ಎಂದು ಕೇಳಿದರು. ನೀನು ಸ್ವಲ್ಪ ಹೊತ್ತು ಯೋಚಿಸಿದೆ. ಯೋಚಿಸಿ ಹೇಳಿದೆ: "ಅದು ಇರುತ್ತೆ ಸಾರ್. ಬೆಳಿಗ್ಗೆ ಎದ್ರೆ ಕೊಳಗದಲ್ಲಿ ಇರುತ್ತೆ."

ಪಾರ್ಕಿಗೆ ಪಾರ್ಕೇ ನಕ್ಕಿತು. ನಿನ್ನ ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ನನ್ನ ಪಕ್ಕ ಕೂತಿದ್ದ ಶುಭಾ ಮಾತ್ರ ನಗಲಿಲ್ಲ, ತನ್ನ ಹೆಬ್ಬೆರಳು ನೋಡಿಕೊಂಡಳು.

ನೀನು ಸುಳ್ಳು ಹೇಳಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ಮಾಧು. "ನಾನೇ ಮಾಡ್ತೀನಿ ಸಾರ್" ಎಂದು ಕೊಚ್ಚಿಕೊಂಡಿದ್ದರೆ ಮನೆಗೆ ಬಂದು ಕಿವಿ ಹಿಂಡಿ ಬಿಟ್ಟುಬಿಡುತ್ತಿದ್ದೆ. ನೀನು ನಿಜವನ್ನೇ ಹೇಳಿದೆ. ನಿನಗೆ ಗೊತ್ತಿರುವ ನಿಜ ಅದೇ. ಹದಿಮೂರು ವರ್ಷ ನನ್ನ ಜೊತೆ ಒಂದೇ ಮನೆಯಲ್ಲಿದ್ದುಕೊಂಡು, ನಲ್ಲಿಯಲ್ಲಿ ಕಾವೇರಿ ನೀರು ಬರುವ ಹಾಗೆ ಕೊಳಗದಲ್ಲಿ ಪಾನಕ ಬರುತ್ತದೆ ಎಂದುಕೊಂಡಿದ್ದೀಯ. ಕಾವೇರಿಯಾದರೂ ದಿನ ಬಿಟ್ಟು ದಿನ ಬರುತ್ತಾಳೆ. ನಾನು ಒಂದು ವರ್ಷವೂ ತಪ್ಪಿಸಿಲ್ಲ.

ಜನರ ನಗು ನಿಲ್ಲುವ ಮೊದಲೇ ನೀನು ಇನ್ನೊಂದು ಮಾತು ಸೇರಿಸಿದೆ. "ಈ ಸಲ ಪುಳಿಯೋಗರೇನೂ ಕೊಡ್ತೀವಿ ಸಾರ್, ಎಲ್ರೂ ಬನ್ನಿ!" ಯಾರನ್ನು ಕೇಳಿ ಹೇಳಿದೆ? ಹೇಳಿ ಅಪ್ಪನ ಮುಖ ನೋಡಿದೆ, ಅಪ್ಪ ಚಪ್ಪಾಳೆ ಶುರು ಮಾಡಿದರು. ನನ್ನ ಮುಖ ನೋಡಬೇಕು ಎಂದು ನಿನಗೂ ಅನ್ನಿಸಲಿಲ್ಲ, ಅವರಿಗೂ ಅನ್ನಿಸಲಿಲ್ಲ. ಮನೆಗೆ ಬಂದ ಮೇಲೆ ನಾನು, ಈ ವರ್ಷ ಶುಭಾಳ ಪರೀಕ್ಷೆ ಇದೆ, ಪುಳಿಯೋಗರೆ ಬೇಡ, ಪಾನಕವೂ ಒಂದಿಷ್ಟು ಮಾಡಿದರೆ ಸಾಕು ಎಂದೆ. ಅಪ್ಪ ಹೇಳಿದ್ದನ್ನು ನೀನೂ ಕೇಳಿಸಿಕೊಂಡೆ. "ಮಗು ಮೈಕಲ್ಲಿ ಹೇಳ್ಬಿಟ್ಟಿದಾನೆ ಸರಸೂ. ಈಗ ಇಲ್ಲ ಅಂದ್ರೆ ಅವನ ಮನಸ್ಸು ಚಿಕ್ಕದಾಗುತ್ತೆ." ನಿನ್ನ ಮನಸ್ಸು ದೊಡ್ಡದಾಗಿಯೇ ಇರಬೇಕಂತೆ. ಅದಕ್ಕೆ ನಿನ್ನ ಅಕ್ಕ ಪುಸ್ತಕ ಮುಚ್ಚಿಟ್ಟು ಹುಣಸೆಹಣ್ಣು ಕಿವುಚಬೇಕಂತೆ.

ಪಾನಕ ಹೇಗೆ "ಇರುತ್ತೆ" ಎಂದು ಈಗ ಹೇಳುತ್ತೇನೆ, ಕೇಳು.

ಹಿಂದಿನ ದಿನವೇ ಬೆಲ್ಲದ ಅಚ್ಚುಗಳನ್ನು ಬಟ್ಟೆಯಲ್ಲಿ ಸುತ್ತಿ ಗುಂಡುಕಲ್ಲಿನಲ್ಲಿ ಕುಟ್ಟಿ ಪುಡಿ ಮಾಡುತ್ತೇನೆ. ನೀರಿಗೆ ಹಾಕಿ ಕರಗಿಸಿ, ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸುತ್ತೇನೆ. ಬೆಲ್ಲದಲ್ಲಿ ಕಬ್ಬಿನ ಸಿಪ್ಪೆ ಇರುತ್ತದೆ, ಮರಳು ಇರುತ್ತದೆ, ಒಮ್ಮೊಮ್ಮೆ ಇರುವೆಯ ಸಂಸಾರವೇ ಇರುತ್ತದೆ. ಇರುತ್ತೆ ಎನ್ನುವ ಮಾತು ಅದಕ್ಕೆ ಸರಿ. ಆಮೇಲೆ ನಿಂಬೆಹಣ್ಣು. ಒಂದು ಬುಟ್ಟಿ ನಿಂಬೆಹಣ್ಣು ಹಿಂಡಿದವರ ಉಗುರಿನ ಸಂದು ಹೇಗೆ ಉರಿಯುತ್ತದೆ ಎಂದು ಹಿಂಡಿದವರಿಗೇ ಗೊತ್ತು. ಏಲಕ್ಕಿ, ಮೆಣಸು, ಒಣಶುಂಠಿಯನ್ನು ಕುಟ್ಟಾಣಿಯಲ್ಲಿ ಕುಟ್ಟಬೇಕು. ಮಿಕ್ಸಿಗೆ ಹಾಕಿದರೆ ನಿನ್ನ ಅಪ್ಪನಿಗೆ ಘಮ ಸಾಲುವುದಿಲ್ಲ.

ಕೋಸಂಬರಿಗೆ ಸೌತೆಕಾಯಿ ಹೆಚ್ಚಬೇಕು. ಒಂದೇ ಒಂದು ಕಹಿ ಕಾಯಿ ಸೇರಿದರೂ ಇಡೀ ಪಾತ್ರೆ ಹಾಳು, ಅದಕ್ಕೆ ಪ್ರತಿ ಕಾಯಿಯ ತುದಿ ಕೊಯ್ದು ರುಚಿ ನೋಡಬೇಕು. ನೋಡುವುದು ಶುಭಾ. ಕಹಿಯನ್ನೆಲ್ಲ ಅವಳು ಒಳಗೆ ತಿನ್ನುತ್ತಾಳೆ, ನೀನು ಹೊರಗೆ ನಿಂತು ದೊನ್ನೆಯಲ್ಲಿ ಹಾಕಿ ಕೊಡುತ್ತೀಯ.

ಅವಳ ಎಸ್ಸೆಸ್ಸೆಲ್ಸಿ ವರ್ಷವೂ ರಾಮನವಮಿ ಪರೀಕ್ಷೆಗಳ ನಡುವೆಯೇ ಬಂದಿತ್ತು. ಬೆಳಗಿನ ಜಾವ ಎದ್ದು ತೆಂಗಿನಕಾಯಿ ತುರಿಯುತ್ತಾ ಬಾಯಲ್ಲಿ ಲೆಕ್ಕದ ಸೂತ್ರ ಹೇಳಿಕೊಳ್ಳುತ್ತಿದ್ದಳು. ಗಮನ ತಪ್ಪಿ ತುರಿಮಣೆಯ ಹಲ್ಲಿಗೆ ಬಲಗೈ ಹೆಬ್ಬೆರಳು ಸಿಕ್ಕಿತು. ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ. ಮಾರನೆಯ ದಿನ ಆ ಬೆರಳಿನಲ್ಲೇ ಪರೀಕ್ಷೆ ಬರೆದಳು. ಕೊನೆಯ ಲೆಕ್ಕಗಳನ್ನು ಬರೆಯಲು ಆಗಲಿಲ್ಲ. "ಗೊತ್ತಿತ್ತಮ್ಮಾ, ಕೈ ಓಡ್ಲಿಲ್ಲ ಅಷ್ಟೇ" ಎಂದಳು. ಅವಳು ಬಯಸಿದ ಕಾಲೇಜು ಆ ಲೆಕ್ಕಗಳ ಜೊತೆಗೇ ಹೋಯಿತು. ರಕ್ತ ಸುರಿಯುತ್ತಿದ್ದಾಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನೀನು ಏನು ಕೇಳಿದೆ ನೆನಪಿದೆಯೇ? "ಅಕ್ಕಾ, ತುರಿಗೆ ಬಿದ್ದಿಲ್ಲ ತಾನೇ? ಜನಕ್ಕೆ ಕೊಡೋದು" ಎಂದು ಕೇಳಿದೆ. ಜನರ ಮೇಲೆ ನಿನಗೆ ಎಷ್ಟು ಕಾಳಜಿ!

ಇನ್ನು ಲೋಟ. ಬೇರೆ ಮನೆಯವರೆಲ್ಲ ಪ್ಲಾಸ್ಟಿಕ್ ಲೋಟಕ್ಕೆ ಬಂದು ಎಷ್ಟೋ ಕಾಲವಾಯಿತು. ನಮ್ಮಲ್ಲಿ ಸ್ಟೀಲಿನದೇ ಆಗಬೇಕು. ಬಂದವರಿಗೆ ಮರ್ಯಾದೆಯಿಂದ ಕೊಡಬೇಕು ಎಂದು ನಿನ್ನ ಅಪ್ಪನ ಹಟ. ಒಳ್ಳೆಯ ಹಟವೇ. ಆದರೆ ಆ ಮರ್ಯಾದೆಯನ್ನು ಗೇಟಿನ ಪಕ್ಕದ ನಲ್ಲಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ದಿನವಿಡೀ ತೊಳೆಯುವವಳು ನಾನು. ಹೋದ ವರ್ಷ ಸಾಲಿನಲ್ಲಿದ್ದ ಯಾರೋ ನನ್ನ ಮುಂದೆ ಲೋಟ ಕುಕ್ಕಿ, "ಬೇಗ ಬೇಗ ತೊಳಿಯಮ್ಮಾ, ಜನ ಕಾಯ್ತಾ ಇದಾರೆ" ಎಂದ. ಅವನಿಗೆ ನಾನು ಯಾರು ಎಂದು ಗೊತ್ತಿರಲಿಲ್ಲ, ಹೋಗಲಿ. ಅವನ ಬೆನ್ನಿಗೇ ನೀನು ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿ, "ಬೇಗ ಕೊಡಮ್ಮಾ" ಎಂದೆ. ನಿನಗೆ ಗೊತ್ತಿತ್ತಲ್ಲ?

ಇಷ್ಟು ವರ್ಷದಲ್ಲಿ ನನ್ನ ಮನೆಯ ಪಾನಕವನ್ನು ಒಂದು ಲೋಟ ತುಂಬ ನಾನು ಕುಡಿದಿಲ್ಲ. ಸಂಜೆಯ ಹೊತ್ತಿಗೆ ಕೊಳಗದ ತಳದಲ್ಲಿ ಮೆಣಸಿನ ಗಷ್ಟು ಉಳಿದಿರುತ್ತದೆ. ಅದನ್ನೂ ತೊಳೆಯುತ್ತೇನೆ.

ನೀನು ಕೇಳಬಹುದು, ಅಮ್ಮಾ, ಕೊಡುವುದು ತಪ್ಪೇ ಎಂದು. ಅಲ್ಲ ಕಂದ. ನಿನ್ನ ಅಪ್ಪ ಕೆಟ್ಟವರೂ ಅಲ್ಲ. ಕೆಟ್ಟವರಾಗಿದ್ದರೆ ನನಗೆ ಜಗಳವಾಡುವುದು ಸುಲಭವಾಗಿರುತ್ತಿತ್ತು. ಒಮ್ಮೆ ಬಸ್‌ಸ್ಟಾಪಿನಲ್ಲಿ ಯಾರೋ ಬಾಣಂತಿಗೆ ತಮ್ಮ ಕೊಡೆ ಕೊಟ್ಟು ತಾವು ತೊಪ್ಪೆಯಾಗಿ ಮನೆಗೆ ಬಂದರು. ಕೊಡೆಯೂ ಅವರದೇ, ನೆನೆದದ್ದೂ ಅವರೇ. ಅವತ್ತು ಅವರ ಮೇಲೆ ನನಗೆ ಎಷ್ಟು ಪ್ರೀತಿ ಬಂತು ಎಂದು ನಿನಗೆ ಹೇಳುವಂತಿಲ್ಲ. ಒದ್ದೆ ಬಟ್ಟೆ ಒಗೆದವಳು ನಾನು, ಅದಿರಲಿ. ಆದರೆ ಪಾನಕದಲ್ಲಿ ಅವರದು ಏನಿದೆ? ನಿನ್ನದು ಏನಿದೆ? ಹೋದ ತಿಂಗಳು ಟ್ಯೂಷನ್ನಿಗೆ ಹೊತ್ತಾಯಿತು ಎಂದು ಶುಭಾ ನಿನ್ನ ಸೈಕಲ್ ಕೇಳಿದಳು. "ಅದು ನಂದು, ಚೈನ್ ಹಾಳ್ಮಾಡ್ತೀಯ" ಎಂದು ಬೀಗ ಹಾಕಿ ಕೀಲಿ ಜೇಬಿಗೆ ಇಟ್ಟುಕೊಂಡೆ. ಬೀದಿಗೆ ಬಂದವರಿಗೆಲ್ಲ ಅಕ್ಕನ ಬೆರಳು ಕೊಡುವ ನೀನು ಅಕ್ಕನಿಗೆ ಅರ್ಧ ಗಂಟೆ ಸೈಕಲ್ ಕೊಡಲಿಲ್ಲ. ಧಾರಾಳ ಮನಸ್ಸಿನ ಹುಡುಗನಂತೆ! ಆ ಶಾಲು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

ನನಗೆ ಭಯವಾಗಿದೆ, ಅದನ್ನೂ ಹೇಳಿಬಿಡುತ್ತೇನೆ. ಸಿಟ್ಟಿನ ಅರ್ಧ ಭಾಗ ಭಯವೇ. ನಾಳೆ ನೀನು ದೊಡ್ಡವನಾಗುತ್ತೀಯ, ನಿನಗೂ ಮನೆ ಆಗುತ್ತದೆ. ಯಾವುದೋ ಮನೆಯ ಹುಡುಗಿಯ ಕೈಯನ್ನು ಹೀಗೇ ಊರಿಗೆಲ್ಲ ಕೊಟ್ಟು ನೀನು ಹೆಸರು ತೆಗೆದುಕೊಳ್ಳುತ್ತೀಯ. ಅವಳು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾಳೆ. ಇಂಥ ಮಗನನ್ನು ಬೆಳೆಸಿದವಳು ನಾನು ಎಂದು ಅವಳು ನನ್ನನ್ನು ಬೈದುಕೊಳ್ಳುತ್ತಾಳೆ.

ಈಗ ತಾನೇ ಶುಭಾ ಏನಂದಳು ಗೊತ್ತೇ? "ಪಾನಕ ಮಾಡಿಟ್ಟೇ ಹೋಗೋಣಮ್ಮಾ. ಎಲ್ಲರ ಮುಂದೆ ಪಾಪ ಅವನಿಗೆ ಅವಮಾನ ಆಗುತ್ತೆ" ಎಂದಳು. ಆ ಮಾತು ಕೇಳಿ ನನಗೆ ಇನ್ನೂ ರೇಗಿತು. ಪಾಪ ಅನ್ನುವುದನ್ನು ಈ ಮನೆಯಲ್ಲಿ ಇವಳೊಬ್ಬಳಿಗೇ ಯಾಕೆ ಕಲಿಸಿದೆವು? ಪುಸ್ತಕ ಚೀಲಕ್ಕೆ ತುಂಬು, ನಡಿ ಎಂದೆ.

ಈಗ ನೀನು ಮಾಡಬೇಕಾದ್ದು ಬರೆಯುತ್ತೇನೆ. ಬೆಲ್ಲ ಈಗಲೇ ಕುಟ್ಟಿಡು. ಸೋಸುವ ಬಟ್ಟೆ ಒಗೆದು ತಂತಿಯ ಮೇಲೆ ಹಾಕಿದ್ದೇನೆ. ಬೇಳೆಯನ್ನು ಬೆಳಿಗ್ಗೆ ಎದ್ದ ಕೂಡಲೇ ನೆನೆಸು, ಎರಡು ಗಂಟೆ ನೆನೆದರೆ ಸಾಕು. ಕೋಸಂಬರಿಗೆ ಉಪ್ಪನ್ನು ಕೊಡುವ ಹೊತ್ತಿಗೆ ಹಾಕು, ಮೊದಲೇ ಹಾಕಿದರೆ ನೀರು ಬಿಟ್ಟುಕೊಂಡು ಗೊಜ್ಜಾಗುತ್ತದೆ. ತೆಂಗಿನಕಾಯಿ ತುರಿಯುವಾಗ ಬಾಯಲ್ಲಿ ಏನೂ ಹೇಳಿಕೊಳ್ಳಬೇಡ, ಬೆರಳು ನೋಡಿಕೋ. ಕೆಲಸದ ಶಿವವ್ವನನ್ನು ಕರೆಯಲು ಓಡಬೇಡ, ಅವಳಿಗೆ ನಾನೇ ಎರಡು ದಿನ ರಜೆ ಕೊಟ್ಟಿದ್ದೇನೆ. ರೇಣವ್ವನ ರೂಮಿನ ಕೆಳಗಿರುವ ಅಂಗಡಿಗೆ ಫೋನ್ ಮಾಡಿ ಉಪ್ಪೆಷ್ಟು, ಹುಳಿಯೆಷ್ಟು ಎಂದು ಕೇಳಬೇಡ. ನಾಲಿಗೆ ಇದೆಯಲ್ಲ, ರುಚಿ ನೋಡು.

ಕೊಳಗ ತುಂಬಲೇಬೇಕು ಎಂದೇನೂ ಇಲ್ಲ. ನಿನ್ನ ಕೈಯಲ್ಲಿ ಎಷ್ಟಾಗುತ್ತದೋ ಅಷ್ಟು ಮಾಡು. ಒಂದು ಬಕೆಟ್ಟಾದರೆ ಒಂದು ಬಕೆಟ್ಟು. ಅದು ಮುಗಿದ ಮೇಲೆ ಬಂದವರಿಗೆ ಕೈಮುಗಿದು, ಮುಗೀತು ಎಂದು ಹೇಳು. ಗಂಗಯ್ಯನವರು ಬಂದು ಪುಳಿಯೋಗರೆ ಎಲ್ಲಪ್ಪಾ ಎಂದರೆ, ಮಾಡುವವರನ್ನು ಕೇಳದೆ ಹೇಳಿಬಿಟ್ಟಿದ್ದೆ ಸಾರ್ ಎಂದು ಹೇಳು. ಅವಮಾನ ಆಗುತ್ತದೆ. ಆಗಲಿ. ಅದರಿಂದ ಯಾರ ಬೆರಳೂ ಹೋಗುವುದಿಲ್ಲ.

ನಾಳೆ ಪೂಜೆ ಮುಗಿಯುವ ಹೊತ್ತಿಗೆ ನಾನು ಬಸ್ಸು ಹತ್ತಿ ಬರುತ್ತೇನೆ. ಮನೆಯೊಳಕ್ಕೆ ಬರುವುದಿಲ್ಲ. ಗೇಟಿನ ಹೊರಗೆ, ಆಟೋದವರು, ತರಕಾರಿ ಗಾಡಿಯವರ ಜೊತೆ ಸಾಲಿನಲ್ಲಿ ನಿಲ್ಲುತ್ತೇನೆ. ಅಮ್ಮ ಎಂದು ಮುಂದಕ್ಕೆ ಕರೆಯಬೇಡ. ನನ್ನ ಸರದಿ ಬಂದಾಗ ಒಂದು ಲೋಟ ಪಾನಕ ಕೊಡು. ಸಪ್ಪೆಯಿದ್ದರೂ ಕುಡಿಯುತ್ತೇನೆ, ಹುಳಿಯಿದ್ದರೂ ಕುಡಿಯುತ್ತೇನೆ. ನೀನು ಮಾಡಿದ್ದಾಗಿರಬೇಕು ಅಷ್ಟೇ. ಅಂಗಡಿಯಿಂದ ತರಿಸಿದ್ದಾದರೆ ನನಗೆ ಒಂದು ಗುಟುಕಿಗೇ ಗೊತ್ತಾಗುತ್ತದೆ, ಆಗ ಅಲ್ಲಿಂದಲೇ ವಾಪಸು ಬಸ್ಸು ಹತ್ತುತ್ತೇನೆ. ಕುಡಿದ ಮೇಲೆ ಲೋಟವನ್ನು ನಲ್ಲಿಯ ಕೆಳಗೆ ಇಟ್ಟು ಹೋಗುತ್ತೇನೆ. ತೊಳೆಯುವುದಿಲ್ಲ.

ಮಂಗಳವಾರ ಶುಭಾ ಪರೀಕ್ಷೆ ಬರೆದು ಮುಗಿಸಲಿ. ಎಲ್ಲ ಲೆಕ್ಕಗಳನ್ನೂ ಬರೆಯಲಿ. ಆಮೇಲೆ ಮನೆಗೆ ಬರುವ ಮಾತು.

ಸಿಟ್ಟು ಇಳಿಯದಿದ್ದರೂ ನಿನ್ನವಳೇ ಆದ
ಅಮ್ಮ
(ಸರಸ್ವತಿ. ನನಗೊಂದು ಹೆಸರಿದೆ ಎಂದು ಗೊತ್ತಿರಲಿ.)

ತಾ.ಕ.: ಇನ್ನು ಮುಂದಿನದು ನಿನ್ನ ಅಪ್ಪನಿಗೆ. ಕನ್ನಡಕ ಸಿಕ್ಕಲಿಲ್ಲ ಎನ್ನುತ್ತಾರೆ, ಅದಕ್ಕೆ ನೀನೇ ಗಟ್ಟಿಯಾಗಿ ಓದಿ ಹೇಳು. ನಡುವೆ ನಿಲ್ಲಿಸಬೇಡ.

ರೀ, 

ಮಾಧು ಐದು ವರ್ಷದವನಿದ್ದಾಗ ರಾಮನವಮಿಯ ಹಿಂದಿನ ದಿನ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತ. ಯಾರೂ ಕರೆದಿರಲಿಲ್ಲ. ಕುಟ್ಟಾಣಿ ಎಳೆದುಕೊಂಡು ಏಲಕ್ಕಿ ಕುಟ್ಟಿದ. ಅರ್ಧ ನೆಲಕ್ಕೆ ಹೋಯಿತು, ಅರ್ಧ ಬಾಯಿಗೆ ಹೋಯಿತು. "ನಾನು ಕುಟ್ಟಿದ್ದು ಯಾರಿಗೆ ಕೊಡ್ತೀಯಮ್ಮಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಆಗ ನೀವು ಬಂದಿರಿ. "ಗಂಡು ಹುಡುಗ ಇಲ್ಲೇನೋ ಮಾಡ್ತಿದೀಯಾ? ಅದೆಲ್ಲ ಅಮ್ಮ, ಅಕ್ಕ ಮಾಡ್ತಾರೆ. ನೀನು ಕೊಡೋದು ಕಲಿ ಬಾ" ಎಂದು ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋಗಿ ಅವನ ಕೈಗೆ ಸೌಟು ಕೊಟ್ಟಿರಿ. ಅವನು ತುಂಬಾ ಅತ್ತ. ಅವನ ಮುಷ್ಟಿಯಲ್ಲಿ ಏಲಕ್ಕಿ ಇತ್ತು, ಸೌಟು ಹಿಡಿಯಲು ಅದನ್ನು ಬಿಡಬೇಕಾಯಿತು. ಇದು ಅವನಿಗೆ ನೆನಪಿರಲಾರದು. ನಿಮಗೂ ಇರಲಾರದು.

ಅದೇ ಕುಟ್ಟಾಣಿಯನ್ನು ತೊಳೆದು ಅಡುಗೆಮನೆಯ ನೆಲದ ಮೇಲೆ ಇಟ್ಟಿದ್ದೇನೆ. ಅದರ ಮುಂದೆ ಎರಡು ಮಣೆ ಹಾಕಿದ್ದೇನೆ. ಒಂದರ ಮೇಲೆ ಅವನು ಕೂತರೆ ಈ ಸಲ ಎಬ್ಬಿಸಬೇಡಿ. ಇನ್ನೊಂದು ನಿಮ್ಮದು.